ಎಣಿಕೆಗೆ ಸಿಕ್ಕ ಸ್ವರ, ಸಿಗದ ಸಂಚಾರ

ಸಂಗೀತಕ್ಕೂ ಗಣಿತಕ್ಕೂ ನಂಟಿದೆ ಎಂದೊಡನೆ ತಂತಿಯ ಉದ್ದ, ಶ್ರುತಿಯ ಅನುಪಾತಗಳ ಮಾತು ಶುರುವಾಗುತ್ತದೆ. ಅದು ನಾದದ ಲೆಕ್ಕ. ರಚನೆಯ ಲೆಕ್ಕವೇ ಬೇರೆ, ಅದರ ಚರಿತ್ರೆಯೂ ಸಣ್ಣದಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತ ರತ್ನಾಕರ’ದಲ್ಲಿ ಏಳು ಸ್ವರಗಳನ್ನು ಮರುಕಳಿಸದೆ ಜೋಡಿಸುವ ಕ್ರಮಗಳು, ಅಂದರೆ ಪ್ರಸ್ತಾರಗಳು, 5040 ಎಂದು ಎಣಿಸಿ ಸುಮ್ಮನಾಗಲಿಲ್ಲ, ಪಟ್ಟಿಯನ್ನೇ ಬರೆಯದೆ ಇಷ್ಟನೆಯ ಪ್ರಸ್ತಾರ ಇಂಥದ್ದು ಎಂದು ಹೇಳುವ ‘ನಷ್ಟ’ದ ದಾರಿಯನ್ನೂ ತೋರಿಸಿದ. ಸ ರಿ ಗ ಮ ಎಂಬ ನಾಲ್ಕೇ ಸ್ವರ ತೆಗೆದುಕೊಳ್ಳಿ, 24 ಪ್ರಸ್ತಾರ. ಮೊದಲ ಆರು ಮಧ್ಯಮದಲ್ಲಿ ಮುಗಿಯುತ್ತವೆ, ಮುಂದಿನ ಆರು ಗಾಂಧಾರದಲ್ಲಿ, ಆಮೇಲಿನವು ರಿಷಭದಲ್ಲಿ, ಕೊನೆಯವು ಷಡ್ಜದಲ್ಲಿ. 15ನೆಯದು ಬೇಕೆಂದರೆ ಹನ್ನೆರಡು ಕಳೆಯಿರಿ, ಉಳಿಯುವುದು ಮೂರು. ಕೊನೆಯ ಸ್ವರ ರಿ ಎಂದಾಯಿತು. ಮಿಕ್ಕ ಸ ಗ ಮಗಳ ಪ್ರಸ್ತಾರದಲ್ಲಿ ಮೂರನೆಯದು ಸ ಮ ಗ. ಹಾಗಾಗಿ ಉತ್ತರ: ಸ ಮ ಗ ರಿ. ಇಂದಿನ ಪ್ರೋಗ್ರಾಮರ್ ಬರೆಯುವುದೂ ಹೆಚ್ಚುಕಡಿಮೆ ಇದನ್ನೇ.

ಆದರೆ ಸ ಮ ಗ ರಿ ಹಾಡಲು ಚೆನ್ನವೇ ಎಂಬ ಪ್ರಶ್ನೆಗೆ ಈ ಲೆಕ್ಕದ ಬಳಿ ಉತ್ತರವಿಲ್ಲ. 17ನೇ ಶತಮಾನದ ವೆಂಕಟಮಖಿಗೆ ಇದು ಗೊತ್ತಿತ್ತು. ರಿ-ಗ ಜೋಡಿಗಳು ಆರು, ಧ-ನಿ ಜೋಡಿಗಳು ಆರು, ಮಧ್ಯಮ ಎರಡು. ಗುಣಿಸಿದರೆ 72 ಮೇಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಗುಂಪುಗಳು. ಹಾಗೆ ಲೆಕ್ಕ ಹಾಕಿದವನೇ ಬಳಕೆಯಲ್ಲಿರುವುದು 19 ಮಾತ್ರ ಎಂದೂ ಬರೆದ. ಉಳಿದವು ಬೀಗ ಹಾಕಿದ ಮನೆಗಳು. ಅವುಗಳಲ್ಲಿ ಎಷ್ಟೋ ಮನೆಗಳಿಗೆ ಒಕ್ಕಲು ಬಂದದ್ದು ಮುಂದಿನ ವಾಗ್ಗೇಯಕಾರರಿಂದ. ‘ಸಂಗೀತ ಭಾವದ್ದು, ಗಣಿತಕ್ಕೆ ಅಲ್ಲೇನು ಕೆಲಸ’ ಎನ್ನುವವರು ಇಲ್ಲಿ ಗೆದ್ದೆವೆಂದುಕೊಳ್ಳಬಹುದು. ಅವಸರ ಬೇಡ. ಹಿಂದೂಸ್ತಾನಿಯ ಮಾರ್ವಾ, ಪೂರಿಯಾ, ಸೋಹನಿ ಮೂರಕ್ಕೂ ಸ್ವರಗಳು ಅವೇ, ರಾಗ ಮಾತ್ರ ಮೂರು. ಪಟ್ಟಿ ಇಲ್ಲಿ ಸೋಲುತ್ತದೆ, ನಿಜ. ಆದರೆ ರಾಗದ ಗುರುತು ಸ್ವರಗಳ ಗುಂಪಿನಲ್ಲಿಲ್ಲ, ನಡೆಯಲ್ಲಿದೆ ಎಂಬುದು ಇಷ್ಟು ಖಚಿತವಾಗಿ ಗೊತ್ತಾಗುವುದೂ ಪಟ್ಟಿ ಸೋತಾಗಲೇ.

ಪಶ್ಚಿಮದವರೂ ಎಣಿಕೆಯಿಂದ ನಡೆಯ ಕಡೆಗೇ ಸರಿದರು, ಕೊಂಚ ಸುತ್ತುಬಳಸಿ. 1739ರಲ್ಲಿ ಗಣಿತಜ್ಞ ಆಯ್ಲರ್ ಸ್ವರಸಂಬಂಧಗಳನ್ನು ಜಾಲವಾಗಿ ಚಿತ್ರಿಸಿದ. 1957ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹಿಲ್ಲರ್ ಮತ್ತು ಐಸಾಕ್‌ಸನ್ ಕಂಪ್ಯೂಟರ್‌ನಿಂದ ‘ಇಲಿಯಾಕ್ ಸೂಟ್’ ಕಟ್ಟಿಸಿದರು; ಅದರ ಕೊನೆಯ ಭಾಗಕ್ಕೆ ಮಾರ್ಕೋವ್ ಸರಪಳಿಯೇ ಆಧಾರ. ಹಿಂದಿನ ಸ್ವರ ನೋಡಿ ಮುಂದಿನದಕ್ಕೆ ದಾಳ ಎಸೆಯುವ ಈ ವಿಧಾನಕ್ಕೆ ಪಲ್ಲವಿಗೆ ಮರಳಬೇಕೆಂಬ ನೆನಪೇ ಇರುವುದಿಲ್ಲ. ಆ ಕೊರತೆಯನ್ನು ಲೆರ್ಡಾಲ್ ಮತ್ತು ಜಾಕೆಂಡಾಫ್ 1983ರಲ್ಲಿ ವ್ಯಾಕರಣದ ಮಾದರಿಯಿಂದ ತುಂಬಲು ನೋಡಿದರು: ಯಾವ ಸ್ವರ ಆಧಾರ, ಯಾವುದು ಅದಕ್ಕೆ ಅಧೀನ ಎಂಬ ಮೆಟ್ಟಿಲುಗಳು. ನನ್ನ ಮಟ್ಟಿಗೆ ದೊಡ್ಡ ತಿರುವು 1987ರ ಡೇವಿಡ್ ಲೂಯಿನ್ ಪುಸ್ತಕದ್ದು. ಎರಡು ಸ್ವರಗಳ ಅಂತರವನ್ನು ಅವರು ಅಳತೆಯಾಗಿ ಮಾತ್ರವಲ್ಲ, ಇಲ್ಲಿಂದ ಅಲ್ಲಿಗೆ ಹೋಗುವ ಕ್ರಿಯೆಯಾಗಿಯೂ ಕಂಡರು; ಅದಕ್ಕೆ ಗಣಿತದ ಗ್ರೂಪ್ ಸಿದ್ಧಾಂತ ಒದಗಿ ಬಂತು. ಇಷ್ಟಾದರೂ ಈ ಮಾದರಿಗಳಲ್ಲಿ ಹೆಚ್ಚಿನವಕ್ಕೆ ಸ್ವರವೆಂದರೆ ಕದಲದ ಚುಕ್ಕೆ. ಕರ್ನಾಟಕ ಸಂಗೀತದ ತೋಡಿ ರಾಗದ ಗಾಂಧಾರ ಹಾಗೆ ನಿಲ್ಲುವುದಿಲ್ಲ. ಸ್ವರಲಿಪಿಯಲ್ಲಿ ಅದು ‘ಗ’ ಎಂಬ ಒಂದೇ ಅಕ್ಷರ. ಹಾಡಿದ್ದನ್ನು ಕಂಪ್ಯೂಟರ್ ಗೆರೆಯಾಗಿ ಬರೆದಾಗ ರಿಷಭದತ್ತ ಒಮ್ಮೆ, ಮಧ್ಯಮದತ್ತ ಒಮ್ಮೆ ತೂಗುತ್ತದೆ, ಗಾಂಧಾರವೆಂದು ಬರೆದ ಜಾಗದಲ್ಲಿ ತಂಗುವುದೇ ಕಡಿಮೆ.