ಸುತ್ತುತ್ತಲೇ ದಡ ಸೇರುವ ದೋಣಿ

ಗಂಗಾವತಿಯಿಂದ ಆನೆಗೊಂದಿಯ ದಾರಿ ಹಿಡಿದರೆ ಸ್ವಲ್ಪ ದೂರದವರೆಗೆ ಎರಡೂ ಬದಿಗೆ ಭತ್ತದ ಗದ್ದೆಗಳ ಹಸಿರು. ಆಮೇಲೆ ಬಂಡೆಗಳ ರಾಜ್ಯ ಆರಂಭವಾಗುತ್ತದೆ. ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಗಳು, ಅವುಗಳ ಸಂದಿಯಲ್ಲಿ ಬಾಳೆ ತೋಟ, ಹಳೆಯ ಕೋಟೆಯ ಬಾಗಿಲು. ಅದನ್ನು ದಾಟಿ ಮುಂದೆ ಹೋದರೆ ತುಂಗಭದ್ರೆ. ದಡದ ಮೇಲೆ ಬೋರಲು ಹಾಕಿದ ದೊಡ್ಡ ಬುಟ್ಟಿಯಂತಹ ವಸ್ತುವನ್ನು ಹೊಸಬರು ಕಂಡರೆ ಕಾಳು ತುಂಬುವ ಸಾಧನವೆಂದೇ ತಿಳಿದಾರು. ಅದು ದೋಣಿ. ಹರಿಗೋಲು ಎಂದು ಅದರ ಹೆಸರು.

ಬಂಡೆಗಳ ನಡುವಿನ ಇಕ್ಕಟ್ಟಾದ ಹೊಳೆಯಲ್ಲಿ ಸಣ್ಣ ದೋಣಿ ನಡೆಸುವುದು ಇಂದು ವಿದೇಶಗಳಲ್ಲಿ ದೊಡ್ಡ ಸಾಹಸ ಕ್ರೀಡೆ. ನಾರ್ವೆ, ಚಿಲಿ, ಅಮೆರಿಕದ ಕ್ಯಾಲಿಫೋರ್ನಿಯಾ ಮುಂತಾದ ಕಡೆ ಕಡಿದಾದ ಕಣಿವೆಗಳಲ್ಲಿ ನೊರೆಯುಕ್ಕಿಸಿ ಧುಮುಕುವ ತೊರೆಗಳನ್ನು ಹುಡುಕಿಕೊಂಡು ಹೋಗಿ, ಕಯಾಕ್ ಎಂಬ ಉದ್ದನೆಯ ಪುಟ್ಟ ದೋಣಿಯಲ್ಲಿ ಇಳಿಯುವವರಿದ್ದಾರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ರಭಸದ ನೀರಿನ ದೋಣಿ ಸ್ಪರ್ಧೆ ನಡೆಯಿತು. ಅದಕ್ಕಾಗಿ ಆಗ್ಸ್‌ಬರ್ಗ್ ನಗರದಲ್ಲಿ ಕೃತಕ ಕಾಲುವೆಯನ್ನೇ ಕಟ್ಟಲಾಗಿತ್ತು. ಆದರೆ ಕ್ರೀಡೆಯೆಂಬ ಹೆಸರು ಬರುವ ಎಷ್ಟೋ ಕಾಲ ಮೊದಲೇ, ಸಂತೆಗೆ ಹೋಗಲು, ದೇವರಿಗೆ ಹೋಗಲು, ಬೀಗರ ಮನೆಗೆ ಹೋಗಲು ಇಂತಹುದೇ ನೀರನ್ನು ದಿನವೂ ದಾಟುತ್ತಿದ್ದ ಜನ ಕೊಪ್ಪಳ ಜಿಲ್ಲೆಯ ಈ ದಡದಲ್ಲಿದ್ದರು.

ಕಲ್ಲಿನ ನಡುವೆ ಹೊಳೆ

ತುಂಗಾ ಮತ್ತು ಭದ್ರಾ ನದಿಗಳು ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಬಯಲಿನಲ್ಲಿ ನಿಧಾನವಾಗಿ ಹರಿದು ಬಂದ ಹೊಳೆ ಹಂಪಿ–ಆನೆಗೊಂದಿಯ ಬಳಿ ಗ್ರಾನೈಟ್ ಗುಡ್ಡಗಳೊಳಗೆ ನುಗ್ಗುತ್ತದೆ. ಈ ಕಲ್ಲು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲು, ಮಳೆ, ನೀರಿಗೆ ಬಿರುಕು ಬಿಟ್ಟು ದುಂಡಾದ ಬಂಡೆಗಳೇ ಇಂದಿನ ಗುಡ್ಡಗಳು. ಹೊಳೆಗೆ ಅವನ್ನು ತಳ್ಳಿ ದಾರಿ ಮಾಡಿಕೊಳ್ಳುವ ಶಕ್ತಿ ಇಲ್ಲ. ಸಂದಿ ಸಿಕ್ಕಲ್ಲಿ ನುಸುಳುತ್ತದೆ, ಒಮ್ಮೆ ಹಲವು ಕವಲುಗಳಾಗಿ, ಒಮ್ಮೆ ಒಂದೇ ಕಾಲುವೆಯಾಗಿ. ಹಂಪಿಯ ಕೋದಂಡರಾಮ ದೇವಾಲಯದ ಎದುರಿನ ಚಕ್ರತೀರ್ಥದಲ್ಲಿ ಹೊಳೆ ಉತ್ತರಕ್ಕೆ ತಿರುಗುವುದನ್ನು ಯಾತ್ರಿಕರು ಪವಿತ್ರವೆಂದು ಭಾವಿಸುತ್ತಾರೆ.

ಹೊಳೆ ಕಿರಿದಾದಲ್ಲಿ ಅಪಾಯ ಹೆಚ್ಚುವುದೇಕೆ? ಕಾರಣ ಸರಳ. ಅಗಲವಾದ ಪಾತ್ರದಲ್ಲಿ ಹರಿಯುತ್ತಿದ್ದಷ್ಟೇ ನೀರು ಕಿರಿದಾದ ಸಂದಿಯಲ್ಲೂ ಹಾದುಹೋಗಬೇಕು. ಹಾಗಾಗಿ ಅದು ಆಳವಾಗಿ ಅಥವಾ ವೇಗವಾಗಿ, ಹೆಚ್ಚಾಗಿ ಎರಡೂ ಆಗಿ ಹರಿಯುತ್ತದೆ. ಬಂಡೆಗೆ ಬಡಿದ ನೀರು ಎರಡೂ ಬದಿಗೆ ಸರಿದು, ಬಂಡೆಯ ಹಿಂದೆ ತಿರುಗಿ ಮೇಲ್ಮುಖವಾಗಿ ಬರುತ್ತದೆ. ಹೊಳೆಯ ಜನ ಸುಳಿ ಎನ್ನುವುದು ಇಂತಹ ತಿರುಗು ನೀರನ್ನೇ. ಕಯಾಕ್ ನಡೆಸುವವರೂ ಇದೇ ಜಾಗವನ್ನು ಹುಡುಕುತ್ತಾರೆ. ರಭಸದ ನಡುವೆ ನಿಂತು ಉಸಿರು ಸುಧಾರಿಸಿಕೊಳ್ಳಲು ಅದೇ ಅವರ ತಂಗುದಾಣ. ತಿಳಿದವನಿಗೆ ಆಸರೆಯಾಗುವ ಸುಳಿ ತಿಳಿಯದವನಿಗೆ ಮೃತ್ಯುವಾಗುತ್ತದೆ.

ಇದಕ್ಕಿಂತ ಭಯಂಕರವಾದುದು ಕಣ್ಣಿಗೆ ಕಾಣುವುದಿಲ್ಲ. ನೀರು ಬಂಡೆಯ ಬುಡವನ್ನು ಕೊರೆದು ಒಳಗೆ ಪೊಟರೆ ಮಾಡಿರುತ್ತದೆ. ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ನೀರು ಸೋಸಿಕೊಂಡು ಹೋಗುತ್ತದೆ, ಮನುಷ್ಯ ಹೋಗಲಾರ. ಮೇಲೆ ನೀರು ಶಾಂತವಾಗಿ ಕಂಡರೂ ಕೆಳಗಿನ ಸೆಳವು ಈಜುಗಾರನನ್ನು ಆ ಸಂದಿಗೆ ಒತ್ತಿ ಹಿಡಿಯುತ್ತದೆ. ವಿದೇಶದ ಕಣಿವೆಗಳಲ್ಲಿ ನುರಿತ ಸಾಹಸಿಗಳೂ ಹೆಚ್ಚು ಹೆದರುವುದು ಇಂತಹ ಸಂದಿಗೇ. ಅನುಮಾನವಿದ್ದಲ್ಲಿ ಅವರು ದಡಕ್ಕೆ ಬಂದು, ಬಂಡೆ ಹತ್ತಿ ಮುಂದಿನ ನೀರನ್ನು ನೋಡಿ, ಬೇಡವೆನಿಸಿದರೆ ದೋಣಿಯನ್ನು ಹೊತ್ತುಕೊಂಡು ನಡೆಯುತ್ತಾರೆ.

ಪ್ರವಾಸಿ ಕಂಡ ಬುಟ್ಟಿ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರಕ್ಕೆ ಬಂದಿದ್ದ. ಹೊಳೆಯಾಚೆಯ ಆನೆಗೊಂದಿಯನ್ನು ಅವನು ಹಳೆಯ ರಾಜಧಾನಿಯೆಂದು ಗುರುತಿಸುತ್ತಾನೆ. ಆ ಹೊತ್ತಿಗೆ ಅಲ್ಲಿ ಜನವಸತಿ ಕಡಿಮೆಯಾಗಿತ್ತು. ಅಲ್ಲಿಗೆ ಹೋಗುವ ದೋಣಿಗಳನ್ನು ಕುರಿತು ಅವನು ಬರೆದಿರುವ ವಿವರ ಕುತೂಹಲಕರ. ಅವು ಬುಟ್ಟಿಯಂತೆ ದುಂಡಗಿದ್ದವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದಾಗಿತ್ತು. ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದರು. ಈ ದೋಣಿ ನೇರವಾಗಿ ಹೋಗದೆ ಸದಾ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಅವನು ಗಮನಿಸಿದ್ದಾನೆ. ಈ ರಾಜ್ಯದ ಹೊಳೆಗಳಲ್ಲಿ ಬೇರೆ ಬಗೆಯ ದೋಣಿಯೇ ಇಲ್ಲ ಎನ್ನುತ್ತಾನೆ. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರ ಚರಿತ್ರೆಯ ಮೂಲಕ ಈ ವರದಿ ಇಂಗ್ಲಿಷ್ ಬಲ್ಲವರ ಗಮನಕ್ಕೆ ಬಂದಿತು.

ದುಂಡನೆಯ ದೋಣಿ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿಗೆ ತೇಲಿ ಬರುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಪ್ರವಾಹಕ್ಕೆ ಎದುರಾಗಿ ಹೋಗಲು ಆಗದ್ದರಿಂದ ವ್ಯಾಪಾರಿಗಳು ಊರು ತಲುಪಿದ ಮೇಲೆ ಚೌಕಟ್ಟನ್ನು ಮಾರಿ, ಚರ್ಮವನ್ನು ಜೊತೆಗೆ ತಂದಿದ್ದ ಕತ್ತೆಯ ಮೇಲೆ ಹೇರಿ ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರಂತೆ. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿಯೂ ಮೀನುಗಾರರ ಚಿಕ್ಕ ಬುಟ್ಟಿದೋಣಿ ಉಂಟು. ಹರಿಯುವ ನೀರು, ಬಾಗುವ ಬೆತ್ತ ಅಥವಾ ಬಿದಿರು, ಸತ್ತ ದನದ ತೊಗಲು ಇರುವಲ್ಲೆಲ್ಲ ಮನುಷ್ಯನಿಗೆ ಒಂದೇ ಉಪಾಯ ಹೊಳೆದಂತಿದೆ.

ತುಂಗಭದ್ರೆಯ ಹರಿಗೋಲಿಗೆ ಈಗ ತೊಗಲಿಲ್ಲ. ಸೀಳಿದ ಬಿದಿರಿನ ಪಟ್ಟಿಗಳನ್ನು ಅಡ್ಡಡ್ಡ ಹೆಣೆದು, ಅಂಚನ್ನು ಮೇಲಕ್ಕೆ ಬಾಗಿಸಿ ಬಿಗಿದು ಕಟ್ಟುತ್ತಾರೆ. ಹೊರಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಮೊಳೆ ಬೇಕಿಲ್ಲ, ಮರದ ಹಲಗೆ ಬೇಕಿಲ್ಲ. ಚಿಕ್ಕದಾದರೆ ಒಬ್ಬನೇ ಬೆನ್ನ ಮೇಲೆ ಹೊತ್ತು ನಡೆಯಬಲ್ಲ.

ಸುತ್ತುವುದೇ ಗುಣ

ನೇರವಾಗಿ ಹೋಗದಿರುವುದು ದೋಣಿಗೆ ದೋಷವಲ್ಲವೇ? ಬಯಲಿನ ಶಾಂತ ನದಿಯಲ್ಲಿ ಹೌದು. ಬಂಡೆಗಳ ಹೊಳೆಯಲ್ಲಿ ಲೆಕ್ಕ ಬೇರೆ. ಹರಿಗೋಲಿನ ತಳ ಚಪ್ಪಟೆ. ಆದ್ದರಿಂದ ಅದು ನೀರಿನಲ್ಲಿ ಆಳಕ್ಕೆ ಇಳಿಯದೆ, ಮುಳುಗಿದ ಕಲ್ಲಿನ ಮೇಲೆಯೂ ಜಾರಿ ಹೋಗುತ್ತದೆ. ದುಂಡಗಿರುವುದರಿಂದ ಬಂಡೆಗೆ ತಾಗಿದರೂ ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಉದ್ದನೆಯ ದೋಣಿಯಾದರೆ ಅಡ್ಡ ಸಿಕ್ಕಿಕೊಂಡು ನೀರು ತುಂಬಿಕೊಂಡೀತು. ಬಿದಿರು ಬಾಗುವುದರಿಂದ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಧ್ರುವ ಪ್ರದೇಶದ ಇನುಯಿಟ್ ಜನರ ಕಯಾಕ್ ಇದಕ್ಕೆ ತದ್ವಿರುದ್ಧ. ಅದೂ ಮೂಲದಲ್ಲಿ ಚರ್ಮದ ದೋಣಿಯೇ. ಸೀಲ್ ಪ್ರಾಣಿಯ ತೊಗಲಿನದು. ಆದರೆ ಉದ್ದ, ಕಿರಿದು, ಮೇಲ್ಭಾಗ ಮುಚ್ಚಿರುತ್ತದೆ. ಮಗುಚಿದರೂ ಒಳಗೆ ಕುಳಿತವನು ಮತ್ತೆ ಮೇಲೆದ್ದು ನಿಲ್ಲಿಸಬಲ್ಲ. ಅದು ಒಬ್ಬನ ದೋಣಿ. ಹರಿಗೋಲು ಸಂಸಾರದ ದೋಣಿ. ಮಗುಚಿದರೆ ಮತ್ತೆ ನೆಟ್ಟಗೆ ಮಾಡುವ ಉಪಾಯ ಅದರಲ್ಲಿಲ್ಲ.

ಆದಕಾರಣ ಇಲ್ಲಿ ಎಲ್ಲವೂ ಅಂಬಿಗನ ಮೇಲೆ ನಿಂತಿದೆ. ಮುಂದಿರುವ ನೀರನ್ನು ಹುಟ್ಟಿನಿಂದ ತನ್ನತ್ತ ಎಳೆದುಕೊಂಡು ಅವನು ದೋಣಿಯನ್ನು ಸಾಗಿಸುತ್ತಾನೆ. ಪ್ರವಾಹಕ್ಕೆ ಎದುರಾಗಿ ಗುದ್ದಾಡಲು ಹೋಗುವುದಿಲ್ಲ. ಎದುರು ದಡದಲ್ಲಿ ತಲುಪಬೇಕಾದ ಜಾಗಕ್ಕಿಂತ ಬಹಳ ಮೇಲಕ್ಕೆ ದೋಣಿಯನ್ನು ಒಯ್ದು ಅಲ್ಲಿಂದ ಬಿಡುತ್ತಾನೆ. ಹೊಳೆ ಕೆಳಕ್ಕೆ ಎಳೆಯುತ್ತದೆ, ಅವನು ಅಡ್ಡಕ್ಕೆ ಎಳೆಯುತ್ತಾನೆ. ಎರಡೂ ಸೇರಿ ದೋಣಿ ಓರೆಯಾಗಿ ಸರಿಯಾದ ಜಾಗಕ್ಕೆ ಬರುತ್ತದೆ. ಯಾವ ಬಂಡೆ ಎಷ್ಟು ಮುಳುಗಿದ್ದರೆ ದಾಟಬಹುದು, ಯಾವುದು ಕಾಣದಾದಾಗ ದೋಣಿ ಇಳಿಸಬಾರದು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ವಿದೇಶದ ನೊರೆನೀರಿಗೆ ಒಂದರಿಂದ ಆರರವರೆಗೆ ದರ್ಜೆ ಕೊಡುವ ಪದ್ಧತಿಯಿದೆ. ಇಲ್ಲಿ ಆ ದರ್ಜೆಯ ಪಟ್ಟಿ ಅಂಬಿಗನ ತಲೆಯಲ್ಲಿದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯ ಒಬ್ಬ. ದೋಣಿ ನಡೆಸುವ ಕಾಯಕದವನ ಹೆಸರು ವಚನಕಾರರ ಸಾಲಿನಲ್ಲಿ ನಿಂತಿರುವುದು ಸಣ್ಣ ಮಾತಲ್ಲ. ಆದರೂ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮ ಭಾಷೆಯಲ್ಲಿಯೇ ಇದೆ.

ಗಡಿ, ಅಣೆಕಟ್ಟು, ಸೇತುವೆ

ಈ ಕಡವಿಗೆ ರಾಜಕೀಯ ಚರಿತ್ರೆಯೂ ಉಂಟು. ವಿಜಯನಗರಕ್ಕೆ ಹೊಳೆ ಒಂದು ಕಂದಕವಾಗಿತ್ತು. ಉತ್ತರದ ಸೈನ್ಯಕ್ಕೆ ಅಡ್ಡಲಾಗಿ ನಿಂತ ನೀರಿನ ಕೋಟೆ. 1565ರ ತಾಳಿಕೋಟೆ ಯುದ್ಧದ ನಂತರ ರಾಜಧಾನಿ ಹಾಳುಬಿದ್ದರೂ ಕಡವು ಹಾಳಾಗಲಿಲ್ಲ. ಮುಂದೆ ಉತ್ತರದ ದಡ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ, ದಕ್ಷಿಣದ ದಡ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಊರುಗಳಿಂದ ಈ ದಾರಿಯಾಗಿ ವಿರೂಪಾಕ್ಷನ ದರ್ಶನಕ್ಕೆ ಹೊರಟವನು ಹರಿಗೋಲಿನಲ್ಲಿ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟುತ್ತಿದ್ದ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. ಬಳ್ಳಾರಿಯ ಬಹುಭಾಗ 1953ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು. 1956ರ ನವೆಂಬರ್ 1ರಂದು ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದವು.

ಅಷ್ಟರಲ್ಲಿ ಹೊಳೆಯೇ ಬದಲಾಗಿತ್ತು. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟು 1953ರ ಹೊತ್ತಿಗೆ ನೀರು ನಿಲ್ಲಿಸತೊಡಗಿತು. ಮುನಿರಾಬಾದಿನ ಕಡೆಯಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿಯನ್ನು ಭತ್ತದ ಕಣಜವನ್ನಾಗಿ ಮಾಡಿತು. ಕೆಳಗಿನ ಹೊಳೆ ಮಾತ್ರ ಆಮೇಲೆ ಮಳೆಯ ಮಾತಿನ ಜೊತೆಗೆ ಗೇಟಿನ ಮಾತನ್ನೂ ಕೇಳಬೇಕಾಯಿತು. ದಾಂಡೇಲಿಯ ಕಾಳಿ ನದಿಯಲ್ಲಿ ನಡೆಯುವ ರಾಫ್ಟಿಂಗ್ ಕೂಡ ಸೂಪಾ ಅಣೆಕಟ್ಟು ಬಿಡುವ ನೀರನ್ನೇ ನೆಚ್ಚಿಕೊಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮೋಡ ನೋಡಿ ಹೊಳೆಯ ಮನಸ್ಸು ತಿಳಿಯುತ್ತಿದ್ದವರಿಗೆ ಅಂತಹ ನೀರಿನ ಮುನ್ಸೂಚನೆ ಮುಗಿಲಿನಲ್ಲಿ ಸಿಗುವುದಿಲ್ಲ.

ಸೇತುವೆಯ ಕಥೆ ಇನ್ನೂ ವಿಚಿತ್ರ. ವಿಠ್ಠಲ ದೇವಾಲಯದ ಹತ್ತಿರ ಹೊಳೆಯಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ಹಳೆಯ ಸೇತುವೆಯ ಅವಶೇಷ. 1990ರ ದಶಕದಲ್ಲಿ ತಳವಾರಘಟ್ಟ–ಆನೆಗೊಂದಿ ನಡುವೆ ಹೊಸ ಸೇತುವೆಯ ಕೆಲಸ ನಡೆಯಿತು. ಅದು ಸ್ಮಾರಕಗಳ ಪರಿಸರಕ್ಕೆ ಧಕ್ಕೆಯೆಂಬ ಕಾರಣದಿಂದ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಆ ಪಟ್ಟಿಯಿಂದ ಹೆಸರು ತೆಗೆಯಿತು. ಮತ್ತೆ ಕೈಗೆತ್ತಿಕೊಂಡ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ವರ್ಷಗಳಲ್ಲೆಲ್ಲ ಜನರನ್ನು ದಾಟಿಸುತ್ತಿದ್ದುದು ಅದೇ ಬುಟ್ಟಿ. ಪಾಯಸ್ ಕಂಡಿದ್ದ ಕುದುರೆ, ಎತ್ತುಗಳ ಜಾಗದಲ್ಲಿ ಈಗ ಮೋಟಾರ್ ಸೈಕಲ್ ನಿಂತಿತ್ತು. ಕೊನೆಗೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಸೇತುವೆ ಬಂದು ದಿನನಿತ್ಯದ ಸಂಚಾರ ಅತ್ತ ಹೊರಳಿತು.

ಉಳಿಯಬೇಕಾದುದು ಯಾವುದು?

ಸೇತುವೆ ಬೇಡವಾಗಿತ್ತೆಂದು ಹೇಳುವಂತಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದವಳಿಗೆ, ಪರೀಕ್ಷೆಗೆ ಹೊರಟ ಹುಡುಗನಿಗೆ ಬೇಕಾದುದು ಭದ್ರವಾದ ದಾರಿ. ಆದರೆ ದೋಣಿಯ ಕೆಲಸ ತಪ್ಪಿದೊಡನೆ ಹೊಳೆಯನ್ನು ದಿನವೂ ಓದುವವರೂ ಕಡಿಮೆಯಾಗುತ್ತಾರೆ. ಹರಿಗೋಲು ಉಳಿದಿದೆ, ಸಾಣಾಪುರದ ಕೆರೆಯಲ್ಲಿ ಅದನ್ನು ಗಿರಗಿರನೆ ತಿರುಗಿಸಿ ಪ್ರವಾಸಿಗರನ್ನು ನಗಿಸುತ್ತಾರೆ. ಒಂದು ಕಾಲಕ್ಕೆ ಬಂಡೆಯಿಂದ ಪಾರಾಗಲು ನೆರವಾದ ತಿರುಗುವಿಕೆ ಈಗ ಮೋಜಾಗಿದೆ.

ಹೊಳೆ ಮಾತ್ರ ಮೋಜಿನದಾಗಿಲ್ಲ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಬಳಿ ಈಜಲೆಂದು ಬಂಡೆಯ ಮೇಲಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಸೆಳವಿಗೆ ಸಿಕ್ಕು ಮೃತಪಟ್ಟರು. ಬೇಸಿಗೆಗೆ ಮುನ್ನ, ಬಿಸಿಲಿನಲ್ಲಿ, ನೋಡಲು ಸುಂದರವಾದ ನೀರು. ವಿದೇಶದ ಸಾಹಸಿ ಇಂತಹ ಜಾಗಕ್ಕೆ ಬಂದರೆ ಮೊದಲು ದಡದಲ್ಲಿ ನಿಂತು ನೋಡುತ್ತಾನೆ, ಸ್ಥಳೀಯರನ್ನು ಕೇಳುತ್ತಾನೆ. ಕೇಳಿದರೆ ಹೇಳುವವರು ಆ ದಡದಲ್ಲಿ ಇನ್ನೂ ಇದ್ದಾರೆ.

ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕಲ್ಲುಗಳಿಗೆ ವಿಶ್ವ ಪರಂಪರೆಯ ಮನ್ನಣೆ ದೊರೆತಿದೆ, ನೀರಿನ ಪ್ರಾಣಿಗೆ ಕಾನೂನಿನ ಆಸರೆ ದೊರೆತಿದೆ. ಎರಡರ ನಡುವೆ ಶತಮಾನಗಳ ಕಾಲ ಹುಟ್ಟು ಹಾಕಿದವನ ತಿಳಿವಳಿಕೆಗೆ ಯಾವ ಪಟ್ಟಿಯಲ್ಲಿಯೂ ಜಾಗವಿಲ್ಲ. ಅಪಾಯದ ಮಡುಗಳಲ್ಲಿ ಎಚ್ಚರಿಕೆಯ ಫಲಕ ನೆಡುವ ಮೊದಲು ಎಲ್ಲಿ ನೆಡಬೇಕೆಂದು ಅಂಬಿಗನನ್ನು ಕೇಳುವುದು ಒಂದು ಸಣ್ಣ ಆರಂಭವಾದೀತು. ಹೊಳೆ ದಾಟಿದ ಮೇಲೂ ಅವನ ಹಂಗು ಮುಗಿದಿಲ್ಲ.