ಶಾಲೆಯ ಅಂಗಳದಿಂದ ದುಡಿಮೆಯ ಅಂಗಳಕ್ಕೆ: ವಿಕಲಚೇತನ ಮಕ್ಕಳ ಉದ್ಯೋಗದ ಹಾದಿಯ ಚರಿತ್ರೆ

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಅದರ ಸ್ಮರಣ ಸಂಚಿಕೆಯಲ್ಲಿ ಹಳೆ ವಿದ್ಯಾರ್ಥಿಗಳ ಸಾಧನೆಗಳನ್ನು ದಾಖಲಿಸುವುದು ವಾಡಿಕೆ. ವೈದ್ಯರು, ವಕೀಲರು, ಅಧ್ಯಾಪಕರು, ಯಕ್ಷಗಾನ ಕಲಾವಿದರು, ಅಡಿಕೆ ಕೃಷಿಕರು, ಕೊಲ್ಲಿ ನಾಡುಗಳಲ್ಲಿ ದುಡಿದು ಊರಿಗೆ ಮನೆ ಕಟ್ಟಿಸಿದವರು, ಹೀಗೆ ಕಾಸರಗೋಡಿನ ಯಾವ ಕನ್ನಡ ಶಾಲೆಯ ಪಟ್ಟಿಯೂ ಉದ್ದವಾಗಿಯೇ ಇರುತ್ತದೆ. ಆದರೆ ಆ ಪಟ್ಟಿಗಳಲ್ಲಿ ಒಂದು ವರ್ಗದವರು ತೀರ ವಿರಳವಾಗಿ ಕಾಣಿಸಿಕೊಳ್ಳುತ್ತಾರೆ. ನಮ್ಮದೇ ಬೆಂಚುಗಳಲ್ಲಿ ಕುಳಿತು ಕಲಿತ, ಕಣ್ಣು ಕಾಣದ, ಕಿವಿ ಕೇಳದ, ನಡೆಯಲಾಗದ, ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು ಅವರು. ಶಾಲೆಯ ಬಾಗಿಲು ಅವರಿಗೆ ತೆರೆಯಲು ಬಹುಕಾಲ ಹಿಡಿಯಿತು. ಆ ಬಾಗಿಲಿನಿಂದ ಹೊರಟವರಿಗೆ ದುಡಿಮೆಯ ಬಾಗಿಲು ತೆರೆಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಈ ಎರಡು ಬಾಗಿಲುಗಳ ನಡುವಿನ ದಾರಿಯ ಚರಿತ್ರೆಯನ್ನು ಸಂಕ್ಷಿಪ್ತವಾಗಿ ನಿರೂಪಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲ ಶಾಲೆಗಳು, ಮೊದಲ ಕಸುಬುಗಳು

ಭಾರತದಲ್ಲಿ ವಿಕಲಚೇತನರಿಗೆಂದೇ ಶಾಲೆಗಳು ಹುಟ್ಟಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1887ರಲ್ಲಿ ಆನಿ ಶಾರ್ಪ್ ಎಂಬ ಮಿಶನರಿ ಮಹಿಳೆ ಅಮೃತಸರದಲ್ಲಿ ಅಂಧರ ಶಾಲೆಯನ್ನು ತೆರೆದರು. ಅದೇ ದಶಕದಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳ ಶಾಲೆ ಆರಂಭಗೊಂಡಿತು. ದಕ್ಷಿಣದಲ್ಲಿ ತಿರುನೆಲ್ವೇಲಿಯ ಪಾಳಯಂಕೋಟೆ ಇಂಥ ಶಿಕ್ಷಣದ ಕೇಂದ್ರವಾಯಿತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ಪ್ರಾರಂಭವಾಯಿತು. ಕನ್ನಡ ನಾಡಿನ ಮಟ್ಟಿಗೆ ಅದು ಮೊದಲ ದೊಡ್ಡ ಹೆಜ್ಜೆ.

ಈ ಶಾಲೆಗಳ ಸ್ಥಾಪಕರ ಮುಂದೆ ಆರಂಭದಿಂದಲೇ ಒಂದು ಪ್ರಶ್ನೆಯಿತ್ತು: ಅಕ್ಷರ ಕಲಿತ ಮೇಲೆ ಈ ಮಕ್ಕಳು ಬದುಕುವುದು ಹೇಗೆ? ಆ ಕಾಲ ಕಂಡುಕೊಂಡ ಉತ್ತರ ಕೈಕಸುಬು. ಬೆತ್ತದ ಕುರ್ಚಿ ಹೆಣೆಯುವುದು, ಚಾಪೆ ನೇಯುವುದು, ಬುಟ್ಟಿ ಕಟ್ಟುವುದು, ಹೊಲಿಗೆ, ಬಡಗಿ ಕೆಲಸ ಇವೇ ಪಠ್ಯಕ್ರಮದ ಅಂಗವಾದವು. ಭಿಕ್ಷೆಯೊಂದೇ ಗತಿ ಎಂದು ಸಮಾಜ ನಂಬಿದ್ದ ದಿನಗಳಲ್ಲಿ ಇದು ಸಣ್ಣ ಸಾಧನೆಯಲ್ಲ. ಆದರೆ ಇದರಲ್ಲೊಂದು ಕೊರತೆಯೂ ಅಡಗಿತ್ತು. ಮಗುವಿನ ಅಭಿರುಚಿ ಯಾವುದೆಂದು ಕೇಳುವ ಮೊದಲೇ ಅದರ ಕೊರತೆ ಯಾವುದೆಂದು ನೋಡಿ ಕಸುಬನ್ನು ನಿಶ್ಚಯಿಸುವ ಪದ್ಧತಿ ಅಂದೇ ಬೇರೂರಿತು. ಕುರುಡನೆಂದರೆ ಕುರ್ಚಿ ಹೆಣೆಯುವವನು ಎಂಬ ಈ ಸಮೀಕರಣ ಮುಂದಿನ ಹಲವು ದಶಕಗಳ ಕಾಲ ಅಳಿಯಲಿಲ್ಲ.

ಕನ್ನಡ ನೆಲದಲ್ಲಿ ಇದಕ್ಕಿಂತ ಭಿನ್ನವಾದ ಮಾದರಿಯೊಂದು ಗದುಗಿನಲ್ಲಿ ರೂಪುಗೊಂಡಿತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ ಹಾಗೂ ಅನಾಥ ಮಕ್ಕಳಿಗೆ ವಿದ್ಯೆ ನೀಡಿದರು. ಅವರ ನಂತರ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಹೀನರೇ. ಅಲ್ಲಿ ಕಲಿತವರು ಸಂಗೀತದ ಅಧ್ಯಾಪಕರಾಗಿ, ಕೀರ್ತನಕಾರರಾಗಿ, ವಾದಕರಾಗಿ ಊರೂರುಗಳಲ್ಲಿ ನೆಲೆ ಕಂಡರು. ಅನ್ನ, ವಸತಿ, ವಿದ್ಯೆ ಒಂದೇ ಕಡೆ ದೊರೆತದ್ದು ಈ ಯಶಸ್ಸಿಗೆ ಒಂದು ಕಾರಣ. ಕಲಿಸಿದವರು ತಾವೇ ಆ ದಾರಿಯಲ್ಲಿ ನಡೆದು ಬಂದವರಾಗಿದ್ದುದು ಇನ್ನೊಂದು ಕಾರಣ. ಕಲಿತ ವಿದ್ಯೆಗೆ ಸಮಾಜದಲ್ಲಿ ಬೇಡಿಕೆಯೂ ಮರ್ಯಾದೆಯೂ ಇದ್ದದ್ದು ಎಲ್ಲಕ್ಕಿಂತ ಮುಖ್ಯವಾದ ಕಾರಣವೆಂದು ನಮಗೆ ತೋರುತ್ತದೆ.

ಯುದ್ಧ, ಮೀಸಲಾತಿ, ಉದ್ಯೋಗ ವಿನಿಮಯ ಕೇಂದ್ರ

ವಿಕಲಚೇತನರ ಉದ್ಯೋಗವನ್ನು ದಯೆಯ ವಲಯದಿಂದ ಕಾನೂನಿನ ವಲಯಕ್ಕೆ ತಂದದ್ದು ಎರಡು ಮಹಾಯುದ್ಧಗಳು. ದೇಶಕ್ಕಾಗಿ ಕಣ್ಣನ್ನೋ ಕಾಲನ್ನೋ ಕಳೆದುಕೊಂಡು ಮರಳಿದ ಸೈನಿಕನಿಗೆ ಭಿಕ್ಷೆ ಹಾಕುವುದಕ್ಕೆ ಯಾವ ಸರಕಾರವೂ ಸಿದ್ಧವಿರಲಿಲ್ಲ. ಮೊದಲ ಯುದ್ಧದ ಬಳಿಕ ಜರ್ಮನಿ ಗಾಯಾಳು ಸೈನಿಕರಿಗೆ ಉದ್ಯೋಗದಲ್ಲಿ ಪಾಲನ್ನು ನಿಗದಿಪಡಿಸಿತು. 1944ರಲ್ಲಿ ಬ್ರಿಟನ್ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಉದ್ಯಮಗಳಿಗೆ ಮೀಸಲಾತಿ ವಿಧಿಸುವ ಕಾಯಿದೆಯನ್ನು ತಂದಿತು. ಅದರ ಪ್ರಮಾಣ ಶೇ. 3 ಎಂದು ಗೊತ್ತುಪಡಿಸಲಾಯಿತು. ಆದರೆ ಅದೇ ಕಾಯಿದೆಯಡಿ ವಿಕಲಚೇತನರಿಗೆಂದೇ ಕಾದಿರಿಸಿದ ಕೆಲಸಗಳು ಯಾವುವೆಂದರೆ ಲಿಫ್ಟ್ ನಡೆಸುವುದು ಮತ್ತು ವಾಹನ ನಿಲುಗಡೆಯ ಜಾಗ ಕಾಯುವುದು! ಅವಕಾಶ ಕೊಡುವಾಗಲೂ ಅವರ ಎತ್ತರವನ್ನು ನಾವೇ ಅಳೆದು ಮುಗಿಸುವ ಪ್ರವೃತ್ತಿ ಎಲ್ಲ ದೇಶಗಳಿಗೂ ಸಮಾನವೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ದೇಶದಲ್ಲಿಯೂ ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ದೆಹರಾದೂನಿನಲ್ಲಿ 1943ರಲ್ಲಿ ಕೇಂದ್ರವೊಂದು ತೆರೆಯಿತು. ಸ್ವಾತಂತ್ರ್ಯಾನಂತರ, 1950ರಲ್ಲಿ, ಅಲ್ಲಿಯೇ ವಯಸ್ಕ ಅಂಧರ ತರಬೇತಿ ಕೇಂದ್ರ ಸ್ಥಾಪನೆಯಾಯಿತು. ತರಬೇತಿ ಪಡೆದವರಿಗೆ ಕೆಲಸ ಹುಡುಕಿಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ 1959ರಲ್ಲಿ ಮುಂಬಯಿಯಲ್ಲಿ ಅಂಗವಿಕಲರ ವಿಶೇಷ ಉದ್ಯೋಗ ವಿನಿಮಯ ಕೇಂದ್ರ ಆರಂಭವಾಯಿತು. 1968ರಿಂದ ವೃತ್ತಿ ಪುನರ್ವಸತಿ ಕೇಂದ್ರಗಳು ಬಂದವು. 1977ರಲ್ಲಿ ಕೇಂದ್ರ ಸರಕಾರವು ತನ್ನ ಕೆಳದರ್ಜೆಯ ಹುದ್ದೆಗಳಲ್ಲಿ ಶೇ. 3 ಮೀಸಲಾತಿಯನ್ನು ಜಾರಿಗೆ ತಂದಿತು.

ಶಿಕ್ಷಣದ ಕಡೆಯಿಂದ 1974 ಒಂದು ಮಹತ್ವದ ವರ್ಷ. ವಿಕಲಚೇತನ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿಯೇ ಕಲಿಸುವ ಸಮನ್ವಯ ಶಿಕ್ಷಣ ಯೋಜನೆಯನ್ನು ಕೇಂದ್ರವು ಆಗ ಆರಂಭಿಸಿತು. ನಮ್ಮಂಥ ಊರ ಶಾಲೆಗಳ ಹೊಣೆ ಬೆಳೆದದ್ದು ಈ ಚಿಂತನೆಯಿಂದ. ಆದರೆ ಒಂದು ಕಡೆ ಶಾಲೆ, ಇನ್ನೊಂದು ಕಡೆ ಉದ್ಯೋಗ ಕೇಂದ್ರ, ಇವೆರಡನ್ನೂ ಜೋಡಿಸುವ ಸೇತುವೆ ಮಾತ್ರ ಕಟ್ಟಲ್ಪಡಲಿಲ್ಲ. ಎರಡೂ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಪ್ರತ್ಯೇಕವಾಗಿ ಬೆಳೆದವು.

ಹಕ್ಕಿನ ಯುಗ

1995ರ ಅಂಗವಿಕಲರ ಕಾಯಿದೆಯು ಶಿಕ್ಷಣವನ್ನೂ ಉದ್ಯೋಗವನ್ನೂ ಒಂದೇ ಶಾಸನದೊಳಗೆ ತಂದಿತು. ಶೇ. 3 ಮೀಸಲಾತಿಗೆ ಶಾಸನದ ಬಲ ದೊರೆಯಿತು. ಆದರೆ ಯಾವ ಹುದ್ದೆಗಳು ಸೂಕ್ತವೆಂದು ಗುರುತಿಸುವ ಕಾರ್ಯವೇ ವಿಳಂಬಕ್ಕೆ ನೆಪವಾಯಿತು. 2013ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುರುತಿಸಿದ ಹುದ್ದೆಗಳ ಮೇಲಲ್ಲ, ಒಟ್ಟು ಖಾಲಿ ಹುದ್ದೆಗಳ ಮೇಲೆ ಮೀಸಲಾತಿಯನ್ನು ಲೆಕ್ಕ ಹಾಕಬೇಕೆಂದು ತೀರ್ಪಿತ್ತಿತು. ಈ ವ್ಯಾಜ್ಯವನ್ನು ನಡೆಸಿದ್ದು ಅಂಧರದೇ ರಾಷ್ಟ್ರೀಯ ಒಕ್ಕೂಟವೆಂಬುದು ಸ್ಮರಣೀಯ.

ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಗೆ ಭಾರತವು 2007ರಲ್ಲಿ ಬದ್ಧವಾದ ಬಳಿಕ ಬಂದ 2016ರ ಕಾಯಿದೆಯು ಇಂದು ಜಾರಿಯಲ್ಲಿದೆ. ಅದು 21 ಬಗೆಯ ವೈಕಲ್ಯಗಳನ್ನು ಪರಿಗಣಿಸಿದೆ. ಕಲಿಕೆಯ ನಿರ್ದಿಷ್ಟ ತೊಡಕುಗಳೂ ಆಟಿಸಂ ಕೂಡ ಅದರೊಳಗೆ ಸೇರಿವೆ. ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇ. 5 ಸ್ಥಾನ, ಸರಕಾರಿ ಉದ್ಯೋಗದಲ್ಲಿ ಶೇ. 4 ಸ್ಥಾನ ಅದರ ಮುಖ್ಯ ಕೊಡುಗೆಗಳು. ಸರಕಾರಿ ಕಚೇರಿಗಳು ಕೆಲಸದ ಸ್ಥಳದಲ್ಲಿ ಸೂಕ್ತ ಅನುಕೂಲಗಳನ್ನು ಕಲ್ಪಿಸಬೇಕೆಂದೂ ಅದು ವಿಧಿಸುತ್ತದೆ.

ಶಾಸನಗಳು ಇಷ್ಟು ಮುಂದೆ ಬಂದರೂ ಬದುಕು ಅದೇ ವೇಗದಲ್ಲಿ ಬದಲಾಗಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ದುಡಿಯುವವರೆಂದು ದಾಖಲಾದವರು ಶೇ. 36ರಷ್ಟು, ಹೆಣ್ಣುಮಕ್ಕಳಲ್ಲಿ ಆ ಪ್ರಮಾಣ ಶೇ. 23ರ ಆಸುಪಾಸು. ಅಂಗಹೀನರೆಂಬ ಪದ ಹೋಗಿ ಅಂಗವಿಕಲರೆಂದಾಯಿತು, ಬಳಿಕ ವಿಕಲಚೇತನರು, ವಿಶೇಷಚೇತನರು ಎಂದಾಯಿತು. ಹೆಸರು ಬದಲಾದಷ್ಟು ಸುಲಭವಾಗಿ ಸ್ಥಿತಿ ಬದಲಾಗಲಿಲ್ಲ.

ನಮ್ಮ ನೆಲದ ನೋವು

ಕಾಸರಗೋಡಿನ ಮಟ್ಟಿಗೆ ಈ ಚರಿತ್ರೆ ದೂರದ ಕಥೆಯಲ್ಲ. ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತುಗಳಲ್ಲಿ, ಅಂದರೆ ಕನ್ನಡ ಶಾಲೆಗಳ ಹೃದಯಭಾಗದಲ್ಲಿಯೇ, ಹಲವು ಮನೆಗಳಲ್ಲಿ ಮಕ್ಕಳು ತೀವ್ರ ವೈಕಲ್ಯಗಳೊಂದಿಗೆ ಹುಟ್ಟಿದರು. ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ಸುಮಾರಿಗೇ ವಿಕಾರವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದು ಎಚ್ಚರಿಸಿದ್ದರು. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು.

ಪರಿಹಾರದ ಹಣ ಔಷಧಿಗೂ ಸಾಲಕ್ಕೂ ಕರಗಿಹೋಗಬಹುದು. ಉಳಿಯುವ ಪ್ರಶ್ನೆಯನ್ನು ನಮ್ಮ ಊರಿನ ಪ್ರತಿಯೊಬ್ಬ ತಾಯಿಯೂ ಕೇಳಿಕೊಂಡಿದ್ದಾಳೆ: "ನನ್ನ ಕಾಲಾನಂತರ ಇವನ ಗತಿಯೇನು?" ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ಕುಟುಂಬಶ್ರೀಯ ಸಹಯೋಗದಲ್ಲಿ ನಡೆಸುವ ಬಡ್ಸ್ ಶಾಲೆಗಳು ಈ ಪ್ರಶ್ನೆಗೆ ಒಂದು ಭಾಗದ ಉತ್ತರ. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಗಾನೂರಿನಲ್ಲಿ ಆರಂಭವಾದ ಈ ಕ್ರಮ ನಮ್ಮ ಜಿಲ್ಲೆಯ ಸಂತ್ರಸ್ತ ಪಂಚಾಯತುಗಳಿಗೂ ಬಂದಿತು. ಹದಿನೆಂಟು ವರ್ಷದವರೆಗೆ ಶಾಲೆ, ಆ ಬಳಿಕ ಬಡ್ಸ್ ಪುನರ್ವಸತಿ ಕೇಂದ್ರ ಎಂಬ ಎರಡು ಹಂತಗಳ ವ್ಯವಸ್ಥೆ ಇದು. ಕೊಡೆ, ಕಾಗದದ ಲೇಖನಿ, ನೋಟುಪುಸ್ತಕಗಳಂಥ ವಸ್ತುಗಳನ್ನು ಇಂಥ ಕೇಂದ್ರಗಳಲ್ಲಿ ತಯಾರಿಸಲು ಕಲಿಸುತ್ತಾರೆ. ಹದಿನೆಂಟು ತುಂಬಿದ ದಿನ ಬಾಗಿಲು ಮುಚ್ಚಿಕೊಳ್ಳಬಾರದೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿದೆ ಎಂಬುದೇ ಮುಖ್ಯ.

ಕೆಲಸದ ಸ್ಥಳದಲ್ಲಿಯೇ ಕಲಿಕೆ

ಕನ್ನಡ ನಾಡಿನಲ್ಲಿ ನಡೆದ ಇನ್ನೊಂದು ಬಗೆಯ ಪ್ರಯತ್ನವನ್ನೂ ಇಲ್ಲಿ ಹೇಳಬೇಕು. 1959ರಲ್ಲಿ ಬೆಂಗಳೂರಿನಲ್ಲಿ, ತಾವೇ ದೈಹಿಕ ವೈಕಲ್ಯವನ್ನು ಅನುಭವಿಸಿದ್ದ ಎನ್. ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯನ್ನು ಕಟ್ಟಿದರು. ಅದು ಮುಂದೆ ತೋಟಗಾರಿಕೆಯಂಥ ವಿದ್ಯೆಗಳನ್ನೂ ಕಲಿಸಿತು. 1999ರಲ್ಲಿ ಅಲ್ಲಿಯೇ ಹುಟ್ಟಿದ ಎನೇಬಲ್ ಇಂಡಿಯಾ ಸಂಸ್ಥೆಯು ವಿಕಲಚೇತನರನ್ನು ಖಾಸಗಿ ಉದ್ಯಮಗಳಿಗೆ ಸಿದ್ಧಗೊಳಿಸುವುದನ್ನೇ ಮುಖ್ಯ ಕೆಲಸವಾಗಿಸಿಕೊಂಡಿತು. ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಹೊಸೂರಿನ ಟೈಟನ್ ಗಡಿಯಾರ ಕಾರ್ಖಾನೆಯಲ್ಲಿ ವಿಕಲಚೇತನರು ಇತರರ ಜೊತೆಯಲ್ಲಿಯೇ ದುಡಿಯುತ್ತ ಬಂದಿದ್ದಾರೆ. ಸೂಕ್ಷ್ಮ ಕೆಲಸದಲ್ಲಿ ಏಕಾಗ್ರತೆಯೇ ಬಂಡವಾಳ. ಅದಕ್ಕೆ ಕಿವಿ ಕೇಳದಿರುವುದು ಅಡ್ಡಿಯಲ್ಲ.

ಹಳೆಯ ಪದ್ಧತಿಯಲ್ಲಿ ಮೊದಲು ತರಬೇತಿ, ಅದು ಮುಗಿದ ಬಳಿಕ ಕೆಲಸದ ಹುಡುಕಾಟ. ಹಲವರು ತರಬೇತಿಯ ಪ್ರಮಾಣಪತ್ರ ಹಿಡಿದು ಮನೆಗೆ ಮರಳಿದ್ದು ಈ ಕ್ರಮದಿಂದಲೇ. ಹೊಸ ಕ್ರಮ ಇದನ್ನು ತಿರುಗಿಸಿತು. ಯುವಕನನ್ನು ಮೊದಲು ನಿಜವಾದ ಕೆಲಸದ ಸ್ಥಳಕ್ಕೆ ಕರೆದೊಯ್ದು, ಪಕ್ಕದಲ್ಲಿ ಮಾರ್ಗದರ್ಶಕನನ್ನು ನಿಲ್ಲಿಸಿ, ಅಲ್ಲಿಯೇ ಕಲಿಸಿ, ಕ್ರಮೇಣ ಮಾರ್ಗದರ್ಶಕ ಹಿಂದೆ ಸರಿಯುವುದು ಅದರ ರೀತಿ. ಬುದ್ಧಿಯ ಬೆಳವಣಿಗೆ ನಿಧಾನವಾದವರಿಗೆ ಇದು ಹೆಚ್ಚು ಒಗ್ಗುತ್ತದೆ. ಒಂದು ಸ್ಥಳದಲ್ಲಿ ಕಲಿತದ್ದನ್ನು ಇನ್ನೊಂದು ಸ್ಥಳಕ್ಕೆ ಕೊಂಡೊಯ್ಯುವುದು ಅವರಿಗೆ ಕಷ್ಟ. ದುಡಿಯುವ ಸ್ಥಳದಲ್ಲಿಯೇ ಕಲಿತರೆ ಆ ಕಷ್ಟವಿಲ್ಲ.

ಎರಡನೆಯ ಶತಮಾನದ ಹೊಣೆ

ಈ ಚರಿತ್ರೆಯಿಂದ ನಮ್ಮ ಶಾಲೆ ಪಡೆಯಬಹುದಾದ ಪಾಠಗಳು ಕೆಲವು. ಮೊದಲನೆಯದು ಕಾಲದ್ದು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ಮುಂದೇನೆಂದು ಯೋಚಿಸಿದರೆ ತಡವಾಗುತ್ತದೆ. ಎಂಟನೆಯ ತರಗತಿಯಲ್ಲಿಯೇ ಮಗು, ಹೆತ್ತವರು, ಅಧ್ಯಾಪಕರು ಒಟ್ಟಿಗೆ ಕುಳಿತು ಅದರ ಆಸಕ್ತಿಯನ್ನೂ ಶಕ್ತಿಯನ್ನೂ ಬರೆದಿಡಬೇಕು. ಬಸ್ಸು ಹತ್ತುವುದು, ಹಣ ಎಣಿಸುವುದು, ಹೇಳಿದ ಸಮಯಕ್ಕೆ ತಲುಪುವುದು ಇವೂ ಪಾಠಗಳೇ.

ಎರಡನೆಯದು ದಾಖಲೆಯದು. ವೈಕಲ್ಯದ ಪ್ರಮಾಣಪತ್ರವೂ ರಾಷ್ಟ್ರೀಯ ಗುರುತಿನ ಚೀಟಿಯೂ ಇಲ್ಲದೆ ಮೇಲೆ ಹೇಳಿದ ಯಾವ ಹಕ್ಕೂ ಕೈಗೆ ಸಿಗದು. ಮಗಳ ಮದುವೆಗೆ ತೊಡಕಾದೀತೆಂದು, ನೆರೆಮನೆಯವರು ಆಡಿಕೊಂಡಾರೆಂದು ಪ್ರಮಾಣಪತ್ರ ಮಾಡಿಸದೆ ಉಳಿಯುವ ಹೆತ್ತವರು ಇಂದಿಗೂ ಇದ್ದಾರೆ. ಶಾಲೆಯು ಅವರೊಡನೆ ಮಾತಾಡಬೇಕು.

ಮೂರನೆಯದು ಭಾಷೆಯದು, ಗಡಿನಾಡಿನವರಾದ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಮನೆಯ ಭಾಷೆ, ಶಾಲೆಯ ಭಾಷೆ, ಕಚೇರಿಯ ಭಾಷೆ ಬೇರೆಬೇರೆಯಾದವು. ಇತರ ಮಕ್ಕಳು ಬೀದಿಯಲ್ಲಿ ಆಡುತ್ತಲೇ ಮಲಯಾಳವನ್ನು ಕಲಿತುಬಿಡುತ್ತಾರೆ. ಬೀದಿಗೆ ಬರಲಾಗದ ಮಗು, ಕಿವಿ ಕೇಳದ ಮಗು ಆ ಅವಕಾಶವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಕನ್ನಡದಲ್ಲಿ ಅರ್ಥವಾಗುವಂತೆ ಆರಂಭಿಸಿ, ಮಲಯಾಳದ ವ್ಯವಹಾರಜ್ಞಾನವನ್ನು ಪ್ರತ್ಯೇಕವಾಗಿ ಕಲಿಸಬೇಕು. ಇಲ್ಲೊಂದು ಸಮಾಧಾನದ ಸಂಗತಿಯೂ ಇದೆ. 1951ರಲ್ಲಿ ನೆಲೆಗೊಂಡ ಭಾರತೀ ಬ್ರೈಲ್ ಪದ್ಧತಿಯಲ್ಲಿ ಭಾರತೀಯ ಭಾಷೆಗಳ ಸಮಾನ ಧ್ವನಿಗಳಿಗೆ ಸಾಮಾನ್ಯವಾಗಿ ಒಂದೇ ಚುಕ್ಕಿಗಳ ಗುರುತು. ಕನ್ನಡದ ಕಕಾರಕ್ಕೂ ಮಲಯಾಳದ ಕಕಾರಕ್ಕೂ ಬೆರಳಿಗೆ ಸಿಗುವುದು ಅದೇ ಎರಡು ಚುಕ್ಕಿಗಳು. ಕಣ್ಣಿಗೆ ಬೇರೆಯಾಗಿ ಕಾಣುವ ಲಿಪಿಗಳು ಬೆರಳಿಗೆ ಒಂದೇ ಆಗಿರುವುದರಿಂದ, ಕನ್ನಡ ಬ್ರೈಲ್ ಕಲಿತ ಮಗುವಿಗೆ ಎರಡನೆಯ ಭಾಷೆಯ ಓದಿನ ಅರ್ಧ ದಾರಿ ಮೊದಲೇ ಸವೆದಿರುತ್ತದೆ.

ನಾಲ್ಕನೆಯದು ಹಳೆ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಶತಮಾನೋತ್ಸವದ ಸಂದರ್ಭದಲ್ಲಿ ಕಟ್ಟಡಕ್ಕೂ ರಂಗಮಂಟಪಕ್ಕೂ ಉದಾರವಾಗಿ ನೆರವು ಹರಿದುಬರುತ್ತದೆ. ಅದು ಸ್ತುತ್ಯವೇ. ಆದರೆ ನಮ್ಮಲ್ಲಿ ಅಂಗಡಿ, ಮುದ್ರಣಾಲಯ, ಹೋಟೆಲು, ಬ್ಯಾಂಕು, ಸಹಕಾರ ಸಂಘ, ಹಾಳೆ ತಟ್ಟೆಯ ಘಟಕ ನಡೆಸುವವರಿದ್ದಾರೆ. ವರ್ಷಕ್ಕೆ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಎರಡು ತಿಂಗಳ ಮಟ್ಟಿಗೆ ಕೆಲಸ ಕಲಿಯಲು, ನ್ಯಾಯವಾದ ಸಂಭಾವನೆಯೊಂದಿಗೆ, ಅವರು ಸೇರಿಸಿಕೊಂಡರೆ ಅದು ಯಾವ ಶಿಲಾಫಲಕಕ್ಕೂ ಕಡಿಮೆಯಾದ ದಾನವಲ್ಲ. ಗದುಗಿನ ಆಶ್ರಮದಲ್ಲಿ ಕಲಿತ ಗಾಯಕನಿಗೆ ಕಛೇರಿ ಕೊಡುವ ಊರುಗಳು ಇದ್ದುದರಿಂದಲೇ ಆ ವಿದ್ಯೆ ಅನ್ನವಾಯಿತು. ಕಲಿಸುವ ಶಾಲೆ ಎಷ್ಟು ಮುಖ್ಯವೋ ಕರೆಯುವ ಊರೂ ಅಷ್ಟೇ ಮುಖ್ಯ. ಈ ಸಂಚಿಕೆಯ ಕೊನೆಯ ಪುಟವನ್ನು ಮಗುಚಿದ ಮೇಲೆ, ತಮ್ಮ ಅಂಗಡಿಯಲ್ಲಿ ಇಂಥವರಿಗೊಂದು ಸ್ಥಳವಿದೆಯೇ ಎಂದು ನಮ್ಮ ಓದುಗರು ಒಮ್ಮೆ ನೋಡಿಕೊಳ್ಳಲಿ. ಇದೆಯೆಂದಾದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಲಿ.