ಚಾಟ್‌ಬಾಟ್ ಸ್ಥಿತಿ ನಿಗಾವಣೆ

ಚಾಟ್‌ಬಾಟ್ ಸ್ಥಿತಿ ನಿಗಾವಣೆ ಎಂದರೆ ಬಳಕೆದಾರರೊಡನೆ ಸಂಭಾಷಿಸುವ ತಂತ್ರಾಂಶವು ಚಾಲನೆಯಲ್ಲಿದೆಯೇ ಮತ್ತು ಸರಿಯಾಗಿ ಉತ್ತರಿಸುತ್ತಿದೆಯೇ ಎಂಬುದನ್ನು ಮತ್ತೊಂದು ತಂತ್ರಾಂಶದಿಂದ ನಿರಂತರವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಫಲಕದಲ್ಲಿ ಪ್ರದರ್ಶಿಸುವ ವಿಧಾನ. ಸಾರಿಗೆ, ಬ್ಯಾಂಕಿಂಗ್ ಹಾಗೂ ಕೃಷಿ ಮಾಹಿತಿ ಸೇವೆಗಳು ಚಾಟ್‌ಬಾಟ್‌ಗಳನ್ನು ಬಳಸತೊಡಗಿದ ಮೇಲೆ ಇದರ ಮಹತ್ವ ಹೆಚ್ಚಿದೆ. ಬೆಂಗಳೂರಿನ ನಮ್ಮ ಮೆಟ್ರೋ 2022ರ ನವೆಂಬರ್‌ನಲ್ಲಿ ವಾಟ್ಸಾಪ್ ಚಾಟ್‌ಬಾಟ್ ಮೂಲಕ ಟಿಕೆಟ್ ನೀಡಲಾರಂಭಿಸಿತು.

ಕಾರ್ಯವಿಧಾನ

ಅತ್ಯಂತ ಸರಳ ಕ್ರಮದಲ್ಲಿ ನಿಗಾ ತಂತ್ರಾಂಶವು ನಿಯತ ಅಂತರದಲ್ಲಿ ಕಿರುಸಂದೇಶ ಕಳುಹಿಸಿ ಮರುಸಂದೇಶಕ್ಕಾಗಿ ಕಾಯುತ್ತದೆ. 1988ರಲ್ಲಿ ರೂಪುಗೊಂಡ ಐಆರ್‌ಸಿ ಹರಟೆ ವ್ಯವಸ್ಥೆಯ ‘ಪಿಂಗ್–ಪಾಂಗ್’ ಆದೇಶಗಳು ಇದೇ ಬಗೆಯವು. ಆದರೆ ಸರ್ವರ್ ಚಾಲನೆಯಲ್ಲಿದ್ದರೂ ಬಾಟ್ ಅರ್ಥಹೀನ ಉತ್ತರ ನೀಡುತ್ತಿರಬಹುದು. ಆದ್ದರಿಂದ ಉತ್ತರ ಮೊದಲೇ ತಿಳಿದಿರುವ ಪ್ರಶ್ನೆಯೊಂದನ್ನು ಕೇಳಿ, ಬಂದ ಉತ್ತರವನ್ನು ಅದರೊಂದಿಗೆ ಹೋಲಿಸುವ ಕ್ರಮವೂ ಇದೆ. ಸುಳ್ಳು ಎಚ್ಚರಿಕೆಗಳನ್ನು ತಪ್ಪಿಸಲು, ಎರಡು-ಮೂರು ಬಾರಿ ಸತತವಾಗಿ ವಿಫಲವಾದ ಬಳಿಕವಷ್ಟೇ ನಿರ್ವಾಹಕರಿಗೆ ಸೂಚನೆ ಕಳುಹಿಸಲಾಗುತ್ತದೆ.

ಸ್ಥಿತಿ ಫಲಕ

ಫಲಕದಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣವು ಸುಸ್ಥಿತಿಯನ್ನು, ಹಳದಿಯು ವಿಳಂಬವನ್ನು, ಕೆಂಪು ಸ್ಥಗಿತವನ್ನು ಸೂಚಿಸುತ್ತದೆ. ಲಭ್ಯತೆಯನ್ನು ಶೇಕಡಾವಾರು ತೋರಿಸುವುದು ರೂಢಿ. 30 ದಿನಗಳ ಅವಧಿಯಲ್ಲಿ ಶೇ. 99 ಲಭ್ಯತೆ ಎಂದರೆ 7 ಗಂಟೆ 12 ನಿಮಿಷಗಳ ಸ್ಥಗಿತ, ಶೇ. 99.9 ಎಂದರೆ ಸುಮಾರು 43 ನಿಮಿಷ.

ಫಲಕವು ತಾನು ಗಮನಿಸುವ ವ್ಯವಸ್ಥೆಯನ್ನೇ ಅವಲಂಬಿಸಬಾರದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಸ್ಥಗಿತಗೊಂಡಾಗ, ಅದನ್ನೇ ಅವಲಂಬಿಸಿದ್ದ ಸ್ಥಿತಿ ಫಲಕವನ್ನು ಕೆಲಕಾಲ ನವೀಕರಿಸಲಾಗಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಜಾಲದ ಸಂರಚನಾ ದೋಷದಿಂದ ವಾಟ್ಸಾಪ್ ಸುಮಾರು ಆರು ಗಂಟೆ ನಿಂತುಹೋಯಿತು. ವಾಟ್ಸಾಪ್ ಆಧಾರಿತ ಬಾಟ್‌ಗಳು ತಮ್ಮಲ್ಲಿ ದೋಷವಿಲ್ಲದಿದ್ದರೂ ಇಂಥ ವೇಳೆ ಬಳಕೆದಾರರನ್ನು ತಲುಪಲಾರವು.

ಕಾಫಿ ಸೀಮೆಯಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರು ಬಳಿ 1925ರಲ್ಲಿ ಸ್ಥಾಪನೆಯಾದ ಕಾಫಿ ಸಂಶೋಧನಾ ಕೇಂದ್ರವಿದೆ. ಕಾಫಿ ಮಂಡಳಿಯು 2018ರಲ್ಲಿ ‘ಕಾಫಿ ಕೃಷಿ ತರಂಗ’ ಎಂಬ ಮೊಬೈಲ್ ಧ್ವನಿ ಸೇವೆಯನ್ನು ಉದ್ಘಾಟಿಸಿತು. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಅದರ ಪ್ರಾಯೋಗಿಕ ಹಂತ ನಡೆದಿತ್ತು. ಇದು ಚಾಟ್‌ಬಾಟ್ ಅಲ್ಲವಾದರೂ ಸ್ವಯಂಚಾಲಿತ ಸಲಹಾ ಸೇವೆಯೇ ಆಗಿದೆ. ಪಿಎಂ-ಕಿಸಾನ್ ಯೋಜನೆಯ ‘ಕಿಸಾನ್ ಇ-ಮಿತ್ರ’ ಚಾಟ್‌ಬಾಟ್ 2023ರಲ್ಲಿ ಆರಂಭವಾಯಿತು.

ಕಾಫಿ ಕೃಷಿಯಲ್ಲಿ ಸಲಹೆಯ ಬೆಲೆ ಸಮಯವನ್ನು ಅವಲಂಬಿಸಿದೆ. ಎಲೆತುಕ್ಕು ರೋಗಕ್ಕೆ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮೊದಲೇ ಸಿಂಪಡಿಸಬೇಕು. ಆ ದಿನಗಳಲ್ಲಿ ಸೇವೆ ಸ್ಥಗಿತಗೊಂಡಿರುವುದು ತಿಳಿದರೆ ಬೆಳೆಗಾರರು ಕಾಯದೆ ವಿಸ್ತರಣಾಧಿಕಾರಿಗಳನ್ನು ಸಂಪರ್ಕಿಸಬಹುದು.

ಮಿತಿಗಳು

ನಿಗಾವಣೆಯು ಸೇವೆಯ ತುದಿಯನ್ನು ಮಾತ್ರ ನೋಡುತ್ತದೆ, ಬಳಕೆದಾರರ ತುದಿಯನ್ನಲ್ಲ. ಮೂಡಿಗೆರೆ, ಕಳಸದಂಥ ಮಲೆನಾಡಿನ ಪ್ರದೇಶಗಳಲ್ಲಿ ಮಳೆಗಾಲದ ಗಾಳಿಗೆ ಮರಗಳು ಉರುಳಿ ವಿದ್ಯುತ್ ಹಾಗೂ ಮೊಬೈಲ್ ಸಂಪರ್ಕ ಕಡಿತಗೊಂಡಾಗ, ಫಲಕವು ಹಸಿರಾಗಿದ್ದರೂ ಸೇವೆ ಅಲ್ಲಿನವರಿಗೆ ದೊರೆಯುವುದಿಲ್ಲ. ಆ ವೇಳೆ ಫಲಕವನ್ನು ನೋಡುವುದೂ ಸಾಧ್ಯವಾಗದು. ಐದು ನಿಮಿಷಕ್ಕೊಮ್ಮೆ ನಡೆಯುವ ಪರೀಕ್ಷೆಗೆ ಅದಕ್ಕಿಂತ ಕಿರಿದಾದ ಸ್ಥಗಿತಗಳು ಗೋಚರಿಸದೆಯೂ ಹೋಗಬಹುದು. ಉತ್ತರ ಬಂದಿದೆ ಎಂಬುದನ್ನು ಫಲಕ ತಿಳಿಸಬಲ್ಲದು. ಕೊಟ್ಟ ಪ್ರತಿಯೊಂದು ಸಲಹೆಯೂ ಸರಿಯೇ ಎಂಬುದನ್ನು ವಿಷಯತಜ್ಞರೇ ಪರಿಶೀಲಿಸಬೇಕಾಗುತ್ತದೆ.